ಅಗಸಿ ಕಾಯುವ ಐದು ಸಾಲು

ಹೈಬ್ರಿಡ್ ಆ್ಯಪ್ ಅಂದರೆ ಒಳಗೆ ವೆಬ್ ಪುಟ, ಮೇಲೆ ಆ್ಯಪಿನ ಅಂಗಿ. ಪುಟ ತೆರೆದುಕೊಳ್ಳುವುದು ಫೋನಿನ ವೆಬ್‌ವ್ಯೂನಲ್ಲಿ. ಆ ಪುಟದ ಜಾವಾಸ್ಕ್ರಿಪ್ಟಿಗೂ ಫೋನಿನ ಕ್ಯಾಮೆರಾ, ಕಾಂಟ್ಯಾಕ್ಟ್, ಲೊಕೇಶನ್‌ಗಳಿಗೂ ನಡುವೆ ಪ್ಲಗಿನ್‌ಗಳ ಸೇತುವೆ ಇರುತ್ತದೆ. ಬ್ರೌಸರಿನಲ್ಲಿ ಬಾಗಿಲಾಚೆ ನಿಲ್ಲಬೇಕಾದ ಪುಟ ಇಲ್ಲಿ ಅಡುಗೆಮನೆವರೆಗೂ ಬರುತ್ತದೆ. ಹಾಗಾಗಿ ಯಾವ ವಿಳಾಸಕ್ಕೆ ಒಳಗೆ ಪ್ರವೇಶ ಎಂಬುದನ್ನು ಮೊದಲೇ ಬರೆದಿಡಬೇಕು. ಅಪಾಚಿ ಕಾರ್ಡೋವಾದಲ್ಲಿ ಅದನ್ನು ಬರೆಯುವ ಜಾಗ ಕಾನ್ಫಿಗ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲ್.

ಯಾದಗಿರಿ, ಶಹಾಪುರ, ಸುರಪುರದ ತೊಗರಿ, ಹತ್ತಿ, ಶೇಂಗಾ ದರ ತೋರಿಸುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ದರ ಬರುವುದು ‘ದರ.ಸಂತೆ.ಉದಾಹರಣೆ’ ಎಂಬ ಕಲ್ಪಿತ ವಿಳಾಸದಿಂದ. ಅದರ ಐದು ಸಾಲು ಇಲ್ಲಿವೆ, ಕೋಡಿನ ಆವರಣಗಳನ್ನು ಕಳಚಿ, ನಮ್ಮ ಲಿಪಿಯಲ್ಲಿ. ನಾಲ್ಕು ಸಾಲು ಕಾನ್ಫಿಗ್ ಫೈಲಿನವು, ಕೊನೆಯದು ಇಂಡೆಕ್ಸ್ ಪುಟದ್ದು.

ಆಕ್ಸೆಸ್ ಒರಿಜಿನ್ = "*"

‘ಆಕ್ಸೆಸ್’ ಅಂದರೆ ಆ್ಯಪು ಒಳಗೆ ಕೂತೇ ಹೊರಗಿನಿಂದ ತರಿಸಿಕೊಳ್ಳುವ ಚಿತ್ರ, ದತ್ತಾಂಶ, ಸ್ಕ್ರಿಪ್ಟ್. ‘ಒರಿಜಿನ್’ ಅಂದರೆ ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬ ವಿಧಾನ, ಹೆಸರು, ಪೋರ್ಟ್ ಈ ಮೂರೂ ಸೇರಿದ ವಿಳಾಸ. ಸ್ಟಾರ್ ಅಂದರೆ ಯಾರಾದರೂ ಸರಿ. ಕಾರ್ಡೋವಾದಲ್ಲಿ ಹೊಸ ಪ್ರಾಜೆಕ್ಟ್ ತೆರೆದರೆ ಬಹಳ ವರ್ಷ ಈ ಸಾಲು ತಾನಾಗಿಯೇ ಬಂದು ಕೂತಿರುತ್ತಿತ್ತು. ನಾನೂ ಹಾಗೇ ಬಿಟ್ಟವನೇ. ಆ್ಯಪು ಓಡುತ್ತಿರುವಾಗ ಮುಟ್ಟುವುದೇಕೆ ಎಂಬ ಆಲಸ್ಯ, ಅಷ್ಟೇ.

ಆಕ್ಸೆಸ್ ಒರಿಜಿನ್ = "ಎಚ್‌ಟಿಟಿಪಿಎಸ್://*.ಸಂತೆ.ಉದಾಹರಣೆ"

ಬರೆದವನಿಗೆ ಬುದ್ಧಿ ಬಂದದ್ದು ಈ ಸಾಲಿನಲ್ಲಿ ಕಾಣುತ್ತದೆ. ಆದರೆ ಮೇಲಿನ ಸಾಲನ್ನು ಅಳಿಸಲಿಲ್ಲ. ಊರ ಅಗಸಿಯನ್ನು ಹಾರು ಹೊಡೆದಿಟ್ಟು ಪಕ್ಕದ ದಿಡ್ಡಿಗೆ ಕೀಲಿ ಹಾಕಿದಂತೆ. ಒಂದನೇ ಸಾಲು ಇರುವವರೆಗೆ ಎರಡನೆಯದು ದಂಡ.

ಇನ್ನು ಸಾಲಿನ ಅರ್ಥ. ಸಂತೆ.ಉದಾಹರಣೆಯ ಕೆಳಗಿನ ಯಾವ ಉಪಹೆಸರಾದರೂ ಬರಲಿ, ಎಚ್‌ಟಿಟಿಪಿಎಸ್ ಮೂಲಕ ಮಾತ್ರ ಬರಲಿ. ವೆಬ್ ವಿಳಾಸದ ಯಜಮಾನಿಕೆ ಇರುವುದು ಹೆಸರಿನ ಕೊನೆಯಲ್ಲಿ, ಮೊದಲಲ್ಲಲ್ಲ. ಅಂಚೆ ವಿಳಾಸವೂ ಹೀಗೇ. ‘ಶಹಾಪುರ’ ಎಂದಷ್ಟೇ ಬರೆದರೆ ಕಾಗದ ಬೆಳಗಾವಿಯ ಶಹಾಪುರಕ್ಕೂ ಹೋದೀತು. ಕೊನೆಯ ‘ಯಾದಗಿರಿ ಜಿಲ್ಲೆ’ಯನ್ನು ಓದಿದ ಮೇಲೇ ಊರು ಯಾವುದೆಂದು ಖಾತ್ರಿ. (2009ರ ಡಿಸೆಂಬರ್ 30ಕ್ಕೆ ಮುಂಚೆ ಅಲ್ಲಿ ಗುಲ್ಬರ್ಗಾ ಎಂದಿರುತ್ತಿತ್ತು.)

ಕೊನೆಯನ್ನು ಓದದ ತಪ್ಪನ್ನು ಕಾರ್ಡೋವಾವೇ ಮಾಡಿತ್ತು. 3.3.0 ಆವೃತ್ತಿಯವರೆಗೂ ಹೆಸರನ್ನು ಹೋಲಿಸುವ ಸೂತ್ರದಲ್ಲಿ ಹೆಸರು ಎಲ್ಲಿ ಮುಗಿಯಬೇಕೆಂಬ ಗುರುತೇ ಇರಲಿಲ್ಲ. ದರ.ಸಂತೆ.ಉದಾಹರಣೆಗೆ ಒಪ್ಪಿಗೆ ಕೊಟ್ಟಿದ್ದರೆ ‘ದರ.ಸಂತೆ.ಉದಾಹರಣೆ.ಕಳ್ಳರಮನೆ’ ಕೂಡ ಒಳಗೆ ಬರುತ್ತಿತ್ತು. ಈಗ ಅದನ್ನು ಸರಿಪಡಿಸಲಾಗಿದೆ. ಆದರೂ ಯಂತ್ರಕ್ಕೆ ಅಕ್ಷರವಷ್ಟೇ ಗೊತ್ತು. ನಮಗೆ ಸುರಪುರವೂ ಚುನಾವಣಾ ದಾಖಲೆಯ ಶೋರಾಪುರವೂ ಒಂದೇ ಊರು, ಅದಕ್ಕೆ ಎರಡು.

ಅಲೌ ನ್ಯಾವಿಗೇಶನ್ = "*"

ಐದರಲ್ಲಿ ಕೆಟ್ಟ ಸಾಲು ಇದು. ಆಕ್ಸೆಸ್ ಬರೀ ಸಾಮಾನು ತರಿಸಿಕೊಳ್ಳುವುದು. ನ್ಯಾವಿಗೇಶನ್ ಅಂದರೆ ವೆಬ್‌ವ್ಯೂನಿಂದ ನಮ್ಮ ಪುಟ ಎದ್ದುಹೋಗಿ, ಅದೇ ಗಾದಿಯ ಮೇಲೆ ಹೊರಗಿನ ಪುಟ ಕೂರುವುದು. ಸೇತುವೆ ಇದ್ದಲ್ಲೇ ಇರುತ್ತದೆ. ಯಾರು ಕೂತರೂ ಅವರ ಕೈಗೆ ಸಿಗುತ್ತದೆ.

ಈ ವ್ಯತ್ಯಾಸಕ್ಕೆ ಒಂದು ಹೋಲಿಕೆ. ಸುರಪುರ ಸಂಸ್ಥಾನಕ್ಕೆ ಬಂದುಹೋಗುವ ವ್ಯಾಪಾರಿಗಳು ಎಷ್ಟೋ ಇದ್ದಿರಬೇಕು. ಆದರೆ ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗನಾಗಿದ್ದಾಗ ಅವನ ಪರವಾಗಿ 1853ರವರೆಗೆ ಆಡಳಿತ ನಡೆಸಿದ ಮೆಡೋಸ್ ಟೇಲರ್ ವ್ಯಾಪಾರಿಯಲ್ಲ. ಲೆಕ್ಕ, ಠಾಣೆ, ಕಂದಾಯ ಎಲ್ಲ ಅವನ ಕೈಲಿದ್ದವು. ಟೇಲರ್ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಇಲ್ಲಿ ಬೇಡ. ಅಂಥ ಅಧಿಕಾರವನ್ನು ದಾರಿಹೋಕರಿಗೆಲ್ಲ ಕೊಡುವ ಸಾಲು ಇದು ಎಂಬುದಷ್ಟೇ ಮಾತು. ಕಾರ್ಡೋವಾದ ಕೈಪಿಡಿಯೇ ಈ ಸ್ಟಾರ್ ಬೇಡವೆಂದು ಎಚ್ಚರಿಸುತ್ತದೆ.

ಇಡೀ ಪುಟ ಬದಲಾಗಲೇಬೇಕೆಂದೂ ಇಲ್ಲ. 2014ರಲ್ಲಿ ಮಾರ್ಟಿನ್ ಜಾರ್ಜಿಯೆವ್, ಸುಮನ್ ಜನಾ, ವಿತಾಲಿ ಶ್ಮಾಟಿಕೋವ್ ಎಂಬ ಸಂಶೋಧಕರು ಫೋನ್‌ಗ್ಯಾಪ್‌ನಂಥ ಹೈಬ್ರಿಡ್ ಚೌಕಟ್ಟುಗಳನ್ನು ಬಿಚ್ಚಿ ನೋಡಿದರು. ಮೂಲೆಯ ಐಫ್ರೇಮಿನಲ್ಲಿ, ಅಂದರೆ ಪುಟದೊಳಗಿನ ಪುಟದಲ್ಲಿ, ಕೂತ ಜಾಹೀರಾತು ಕೂಡ ಅದೇ ಸೇತುವೆ ದಾಟಿ ಫೋನಿನ ಒಳಗೆ ಕೈಹಾಕಬಹುದೆಂದು ತೋರಿಸಿದರು. ಕೇಳಿದವರು ಯಾವ ಒರಿಜಿನ್‌ನವರು ಎಂದು ಸೇತುವೆ ವಿಚಾರಿಸುತ್ತಲೇ ಇರಲಿಲ್ಲ. ತೊಗರಿ ದರದ ಕೆಳಗೆ ಗೊಬ್ಬರದ ಜಾಹೀರಾತು ಹಾಕಿ ನಾಲ್ಕು ಕಾಸು ನೋಡೋಣ ಎನ್ನುವವರು ಈ ಮಾತನ್ನು ಎರಡು ಸಲ ಓದಬೇಕು.

ನಮ್ಮ ಆ್ಯಪಿನ ಪುಟಗಳೆಲ್ಲ ಆ್ಯಪಿನೊಳಗೇ ಇವೆ. ಅವುಗಳ ನಡುವೆ ಓಡಾಡಲು ಈ ಸಾಲೇ ಬೇಕಿಲ್ಲ. ಇದಕ್ಕೆ ಸರಿಯಾದ ವ್ಯಾಖ್ಯಾನ ಅಳಿಸುವುದು.

ಅಲೌ ಇಂಟೆಂಟ್ = "ಟೆಲ್:*"

ಇಲ್ಲಿ ಸ್ಟಾರ್ ಇದ್ದರೂ ಹೆದರಬೇಕಿಲ್ಲ. ಇಂಟೆಂಟ್ ಹೊರಗೆ ಕಳಿಸುವ ಬಾಗಿಲು. ದಲಾಲರ ನಂಬರ್ ಒತ್ತಿದರೆ ಫೋನಿನ ಡಯಲರ್ ತೆರೆಯುತ್ತದೆ, ಸೇತುವೆ ಜೊತೆಗೆ ಹೋಗುವುದಿಲ್ಲ. ಪಹಣಿ ನೋಡಲು ‘ಭೂಮಿ’ಯ ಲಿಂಕ್ ಕೊಡಬೇಕಿದ್ದರೂ ಇದೇ ದಾರಿಯಲ್ಲಿ ಫೋನಿನ ಬ್ರೌಸರಿಗೆ ಕಳಿಸಿ. ಲಿಂಕ್ ತೆರೆಯಲಿಲ್ಲವೆಂದು ಮೂರನೇ ಸಾಲಿಗೆ ಸ್ಟಾರ್ ಬರೆಯುವವರೇ ಹೆಚ್ಚು. ಅವರಿಗೆ ಬೇಕಿದ್ದದ್ದು ಈ ನಾಲ್ಕನೇ ಸಾಲಿನಂಥ ಇಂಟೆಂಟ್.

ಕಂಟೆಂಟ್ ಸೆಕ್ಯುರಿಟಿ ಪಾಲಿಸಿ: ಡಿಫಾಲ್ಟ್ 'ಸೆಲ್ಫ್', ಕನೆಕ್ಟ್ ಎಚ್‌ಟಿಟಿಪಿಎಸ್://ದರ.ಸಂತೆ.ಉದಾಹರಣೆ

ಇಂಡೆಕ್ಸ್ ಪುಟದ ತಲೆಯಲ್ಲಿ ಮೆಟಾ ಟ್ಯಾಗ್ ಆಗಿ ಬರುವ ಸಾಲು. ‘ಸೆಲ್ಫ್’ ಅಂದರೆ ಆ್ಯಪಿನ ಸ್ವಂತದ್ದು ಮಾತ್ರ. ‘ಕನೆಕ್ಟ್’ ಅಂದರೆ ದತ್ತಾಂಶ ಕೇಳಲು ಹೋಗಬಹುದಾದ ಒಂದೇ ಮನೆ. ಆಕ್ಸೆಸ್ ಇರುವಾಗ ಇದೇಕೆ? ಆ್ಯಂಡ್ರಾಯ್ಡಿನಲ್ಲಿ ವೆಬ್‌ಸಾಕೆಟ್ ಸಂಪರ್ಕವೂ ವಿಡಿಯೊ ಟ್ಯಾಗೂ ಆಕ್ಸೆಸ್ ಕಣ್ಣಿಗೆ ಬೀಳುವುದಿಲ್ಲ. ಅವನ್ನು ಹಿಡಿಯುವುದು ಈ ಪಾಲಿಸಿ, ಜಾರಿ ಮಾಡುವುದು ವೆಬ್‌ವ್ಯೂ. ಪುಟದಲ್ಲೇ ನೇರ ಬರೆದ ಸ್ಕ್ರಿಪ್ಟಿಗೂ ಒಪ್ಪಿಗೆ ಕೊಡುವ ‘ಅನ್‌ಸೇಫ್ ಇನ್‌ಲೈನ್’ ಎಂಬುದನ್ನು ಸೇರಿಸಿದರೆ ಮಾತ್ರ ಅರ್ಧ ಕಾವಲು ಹೋದಂತೆ.

ವಿಳಾಸದಲ್ಲಿ ಎಚ್‌ಟಿಟಿಪಿಎಸ್‌ನ ಕೊನೆಯ ‘ಎಸ್’ ಬಿಟ್ಟರೆ, ಬಸ್ ನಿಲ್ದಾಣದಲ್ಲಿ ಯಾರೋ ತೆರೆದಿಟ್ಟ ವೈಫೈ ದಾರಿಯಲ್ಲೇ ಪುಟಕ್ಕೆ ತನ್ನ ಸ್ಕ್ರಿಪ್ಟ್ ಹೊಲಿಯಬಹುದು. 2018ರ ಆ್ಯಂಡ್ರಾಯ್ಡ್ 9ರಿಂದ, ಅದನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳಿಗೆ ಬರೀ ಎಚ್‌ಟಿಟಿಪಿ ಸಂಪರ್ಕ ತಾನಾಗಿಯೇ ಬಂದ್.

ಹಳೆಯ ಪ್ರಾಜೆಕ್ಟ್ ಇಟ್ಟುಕೊಂಡವರಿಗೆ ಒಂದು ಮಾತು. 2015ರಲ್ಲಿ ಕಾರ್ಡೋವಾದ ಆ್ಯಂಡ್ರಾಯ್ಡ್ ಪ್ಲಾಟ್‌ಫಾರ್ಮ್ 4ರ ಜೊತೆ ಕಾನ್ಫಿಗ್ ಸಾಲುಗಳ ಈ ಕಾವಲು ‘ವೈಟ್‌ಲಿಸ್ಟ್’ ಎಂಬ ಪ್ರತ್ಯೇಕ ಪ್ಲಗಿನ್ನಿಗೆ ಹೋಗಿತ್ತು. 2021ರಲ್ಲಿ 10ನೇ ಪ್ಲಾಟ್‌ಫಾರ್ಮ್ ಅದನ್ನು ‘ಅಲೌ ಲಿಸ್ಟ್’ ಎಂಬ ಹೆಸರಲ್ಲಿ ಮತ್ತೆ ತನ್ನೊಳಗೇ ಸೇರಿಸಿಕೊಂಡಿತು. ಪ್ಲಾಟ್‌ಫಾರ್ಮ್ ಮೇಲೇರಿಸಿ ಆ ಪ್ಲಗಿನ್ ಕಿತ್ತುಹಾಕಿ. ಅದಕ್ಕೂ ಮೊದಲು ಕಾನ್ಫಿಗ್ ಫೈಲ್ ತೆರೆದು ನ್ಯಾವಿಗೇಶನ್ ಸಾಲು ನೋಡಿ, ಅಲ್ಲಿ ಸ್ಟಾರ್ ಇದ್ದರೆ ಇವತ್ತೇ ಅಳಿಸಿ.