ಅಂಚೆಗೆ ಕಾಯದ ಪುಟ

ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿಯ ಕಾರ್ಖಾನೆಯೊಂದು ನೆಲೆಸಿದ ಊರೆಂದು ನಮ್ಮ ಹಿರಿಯರು ಬಲ್ಲ ಕೇರಳದ ಕಳಮಶ್ಶೇರಿಯು ಈಗ ಜಾಲತಾಣ ಕಟ್ಟುವ ತರುಣರಿಗೂ ಆಶ್ರಯಸ್ಥಾನವಾಗಿದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೂ ಕೇರಳ ಸ್ಟಾರ್ಟಪ್ ಮಿಷನ್ನಿನ ಸಂಕೀರ್ಣವೂ ಅಲ್ಲಿಯೇ ಇವೆ. ಆ ವಿಶ್ವವಿದ್ಯಾಲಯ ಸ್ಥಾಪಿತವಾದ 1971ರಲ್ಲಿಯೇ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಮೊದಲ ಇಮೇಲ್ ಕಳುಹಿಸಿದರೆಂಬುದು ಕಾಕತಾಳೀಯವಾದರೂ, ಪುಟವನ್ನು ಕಾಯಿಸದೆ ತಾಣದಿಂದ ಇಮೇಲ್ ಕಳುಹಿಸುವುದು ಹೇಗೆಂಬ ಈ ವಾರದ ವಿಷಯಕ್ಕೆ ಒಪ್ಪುವ ಪೀಠಿಕೆ.

ಪ್ರವೇಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಯು ಗುಂಡಿಯೊತ್ತಿದೊಡನೆ ಅರ್ಜಿ ದಾಖಲಾಗಬೇಕು, ಸ್ವೀಕೃತಿಯ ಇಮೇಲೂ ಹೊರಡಬೇಕು. ಅವಿವೇಕದ ಪ್ರೋಗ್ರಾಮು ಇವೆರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಹೊರಟು, ದೂರದ ಮೇಲ್ ಸರ್ವರಿಗೆ ತನ್ನ ಗುರುತು ಹೇಳಿ, ವಿಳಾಸವೊಪ್ಪಿಸಿ, ಒಂದೊಂದು ಮಾತಿಗೂ ಉತ್ತರ ಬರುವತನಕ ಆ ಬಡಪಾಯಿಯನ್ನು ಖಾಲಿ ಪುಟದ ಮುಂದೆ ಕೂರಿಸುತ್ತದೆ. ಕಡೆಯ ದಿನದ ನೂಕುನುಗ್ಗಲಿನಲ್ಲಿ ಆ ಸರ್ವರು ಮೌನ ತಾಳಿತೋ, ಹೀಗೆ ಕಾಯುವವರೇ ತಾಣದ ಶಕ್ತಿಯನ್ನೆಲ್ಲ ಹಿಡಿದುಕೊಂಡು, ಇಮೇಲಿನ ಗೊಡವೆಯೇ ಇಲ್ಲದವರಿಗೂ ಬಾಗಿಲು ಮುಚ್ಚುತ್ತದೆ.

ಪತ್ರವನ್ನು ಕ್ಯೂನಲ್ಲಿಟ್ಟು, ರವಾನೆಯನ್ನು ಹಿನ್ನೆಲೆಯಲ್ಲಿ ದುಡಿಯುವ ಪ್ರತ್ಯೇಕ ಪ್ರೋಗ್ರಾಮಿಗೆ, ಅಂದರೆ ವರ್ಕರಿಗೆ, ಒಪ್ಪಿಸುವುದೇ ಪರಿಹಾರ. ಈ ಕೆಲಸಕ್ಕೆ ಪೈಥಾನಿನವರಿಗೆ ಸೆಲರಿ, ರೂಬಿಯವರಿಗೆ ಸೈಡ್‌ಕಿಕ್ ಉಂಟು. ಆದರೆ ಸಣ್ಣ ತಾಣಕ್ಕೆ ನನ್ನ ರುಚಿ ಬೇರೆ. ಅರ್ಜಿ ದಾಖಲಾಗುವ ಡೇಟಾಬೇಸಿನಲ್ಲಿಯೇ, ಅದೇ ಟ್ರಾನ್ಸಾಕ್ಷನ್ನಿನಲ್ಲಿಯೇ, ಕಳುಹಿಸಬೇಕಾದ ಪತ್ರಕ್ಕೂ ಒಂದು ಸಾಲು ಬರೆದಿಟ್ಟರೆ, ಅರ್ಜಿ ಬಿದ್ದುಹೋಗಿ ಸ್ವೀಕೃತಿ ಮಾತ್ರ ಹೊರಡುವ ಅಭಾಸಕ್ಕೆ ಎಡೆಯಿರದು.

ಇದರಲ್ಲಿ ನೂತನವಾದುದೇನೂ ಇಲ್ಲ. ಜೋನಾಥನ್ ಪೋಸ್ಟೆಲ್ 1982ರಲ್ಲಿ ಇಮೇಲ್ ಸಾಗಣೆಗೆಂದು ನಿರೂಪಿಸಿದ ಎಸ್‌ಎಂಟಿಪಿ ನಿಯಮಾವಳಿಯು ಮೊದಲಿನಿಂದಲೂ ಪತ್ರವನ್ನು ಒಂದೆಡೆ ಇರಿಸಿಕೊಂಡು ಮುಂದಕ್ಕೆ ಸಾಗಿಸುವ ಪದ್ಧತಿಯದು. ಅದರ 2008ರ ಪರಿಷ್ಕರಣವು ಸೋತ ಪ್ರಯತ್ನವನ್ನು ಸಾಮಾನ್ಯವಾಗಿ 30 ನಿಮಿಷವಾದರೂ ಕಳೆದ ಮೇಲೆ ಪುನಃ ಮಾಡೆಂದೂ, ಆಸೆ ಬಿಡುವ ಮುನ್ನ 4-5 ದಿನವಾದರೂ ಕಾಯೆಂದೂ ವಿಧಿಸುತ್ತದೆ. ದಿನಗಟ್ಟಲೆ ತಾಳ್ಮೆಯನ್ನು ನಿಯಮವಾಗಿಸಿಕೊಂಡ ಅಂಚೆಯನ್ನು ಕ್ಷಣಾರ್ಧದ ಪುಟಕ್ಕೆ ಗಂಟುಹಾಕುವುದು, ಎತ್ತಿನ ಗಾಡಿಯನ್ನು ರೈಲಿಗೆ ಕಟ್ಟಿದಂತೆಯೇ ಸರಿ.

ತೊಡಕೂ ಇಲ್ಲದಿಲ್ಲ. ಸರ್ವರು 250 ಎಂಬ ಸಂಖ್ಯೆಯಿಂದ ಪತ್ರವನ್ನೊಪ್ಪಿಕೊಂಡ ಮೇಲೆ, ಅದನ್ನು ಗುರುತುಹಾಕಿಕೊಳ್ಳುವ ಮುನ್ನವೇ ವರ್ಕರು ಅಸುನೀಗಿದರೆ, ಅದೇ ಪತ್ರ ಮತ್ತೊಮ್ಮೆ ಹೋಗುತ್ತದೆ. ಹೋಗಲಿ, ಬಾರದ ಸ್ವೀಕೃತಿಗಿಂತ ಎರಡು ಸಲ ಬಂದುದೇ ಲೇಸು. ಆದರೆ ಒಟಿಪಿಯ ಆಯುಷ್ಯ ಕೆಲವೇ ನಿಮಿಷಗಳದ್ದಾದುದರಿಂದ, ಸಾವಿರಾರು ಸುತ್ತೋಲೆಗಳ ಹಿಂದೆ ಅದನ್ನು ನಿಲ್ಲಿಸದೆ ಬೇರೆ ಕ್ಯೂ ಕೊಡತಕ್ಕದ್ದು. ಅರ್ಜಿಯ ಸಂಖ್ಯೆಯನ್ನಂತೂ ಇಮೇಲಿಗೆ ಕಾಯದೆ ಪುಟದ ಮೇಲೆಯೇ ತೋರಿಸಿಬಿಡಬೇಕು.