ಜೆರಾಕ್ಸ್‌ನಲ್ಲಿ ಇಲ್ಲದ ಕಿಟಕಿ

'ಪೈರೇಟ್ಸ್ ಆಫ್ ಸಿಲಿಕಾನ್ ವ್ಯಾಲಿ' (1999) ಮೊನ್ನೆ ಮತ್ತೆ ನೋಡಿದೆ. ನಟನೆ ಚೆನ್ನಾಗಿದೆ, ಎರಡು ಮಾತಿಲ್ಲ. ಆದ್ರೆ ಕಿಟಕಿ, ಮೌಸು ಎಲ್ಲಾ ಜೆರಾಕ್ಸ್‌ನಿಂದ ಆಪಲ್ ಕದ್ದಿದ್ದು, ಆಪಲ್‌ನಿಂದ ಮೈಕ್ರೋಸಾಫ್ಟ್ ಕದ್ದಿದ್ದು ಅನ್ನೋ ಕಥೆ ನಂಗ್ಯಾಕೋ ಸೋಮಾರಿ ಕಥೆ ಅನ್ಸುತ್ತೆ.

ಜೆರಾಕ್ಸ್‌ನ ಪಾಲೊ ಆಲ್ಟೊ ಪ್ರಯೋಗಾಲಯದಲ್ಲಿ 1973ರಲ್ಲೇ ಆಲ್ಟೊ ಅನ್ನೋ ಕಂಪ್ಯೂಟರ್ ಇತ್ತು, ನಿಜ. 1979ರಲ್ಲಿ ಆಪಲ್‌ನವರು ಹೋಗಿ ನೋಡಿದ್ದೂ ನಿಜ. ಆದ್ರೆ ಗೋಡೆ ಹಾರಿ ಹೋಗಿದ್ದಲ್ಲ. ಬದಲಿಗೆ ಜೆರಾಕ್ಸ್‌ಗೆ ಆಪಲ್ ಶೇರು ಕೊಳ್ಳೋ ಅವಕಾಶ ಸಿಕ್ಕಿತ್ತು. ಅಲ್ಲಿ ತೋರಿಸಿದ್ದು ಡೆಮೊ, ಕೋಡ್ ಅಲ್ಲ.

ಆ ತಂಡದಲ್ಲಿದ್ದ ಬಿಲ್ ಅಟ್ಕಿನ್ಸನ್ ಅವರದೇ ನಂಗಿಷ್ಟದ ಭಾಗ. ಮುಂದಿನ ಕಿಟಕಿ ಅರ್ಧ ಮುಚ್ಚಿದ್ರೂ ಹಿಂದಿನದು ತನ್ನ ಕಾಣೋ ಭಾಗವನ್ನ ತಾನೇ ಬರ್ಕೊಳ್ಳೋದನ್ನ ಅಲ್ಲಿ ನೋಡಿದೆ ಅಂದ್ಕೊಂಡು ವಾಪಸ್ ಬಂದ್ರು. ಜೆರಾಕ್ಸ್‌ನಲ್ಲಿ ಅದು ಇರಲೇ ಇಲ್ಲ! ಇದೆ ಅಂತ ನಂಬಿದ್ದಕ್ಕೇ ತಲೆ ಕೆಡಿಸ್ಕೊಂಡು ಕಟ್ಟಿಬಿಟ್ರು. 1983ರಲ್ಲಿ ಅದು ಲೀಸಾದಲ್ಲಿ ಬಂತು. 9,995 ಡಾಲರ್, ಯಾರು ಕೊಳ್ತಾರೆ? ಮರುವರ್ಷ 2,495 ಡಾಲರ್‌ನ ಮ್ಯಾಕಿಂಟಾಷ್‌ನಲ್ಲಿ, ಬರೀ 128 ಕಿಲೋಬೈಟ್ ಮೆಮೊರಿಯಲ್ಲಿ ಅದೇ ಕಿಟಕಿ ತೆರೀತು.

ಜಾಬ್ಸ್, ಗೇಟ್ಸ್ ಮೇಲೆ ಕೂಗಾಡೋ ದೃಶ್ಯಕ್ಕೆ ಸಿನಿಮಾ ಕೊಡೋ ಗಮನ ಈ ನಾಲ್ಕೈದು ವರ್ಷದ ದುಡಿಮೆಗೆ ಸಿಗೋದಿಲ್ಲ. ಕೋಡ್ ಬರೆದೇ ಬಾಡಿಗೆ ಕಟ್ಟೋ ನಂಗೆ ಅದೇ ಸಿಟ್ಟು.