ಯಾರೂ ಕೂತು ಬರೆದಂಗಿಲ್ಲ

ತಂಗಿ ಮದುವೆ ಸಾಮಾನಿಗೆ ಅಂತ ಅವ್ವನ ಜೊತೆ ಶಿವಮೊಗ್ಗದ ಗಾಂಧಿ ಬಜಾರ್‌ಗೆ ಹೋಗಿದ್ದೆ. ಬಾಸಿಂಗ, ಅರಿಶಿನ, ಕುಂಕುಮ, ಸೀರೆ ಎಲ್ಲ ಆಯ್ತು. ಕೊನೆಗೆ ಹತ್ತಿರದ ಒಂದು ಪ್ರಿಂಟಿಂಗ್ ಅಂಗಡಿಗೆ ಕರ್ಕೊಂಡು ಹೋದೆ. ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಒಂದು ಹಸೆ ಚಿತ್ತಾರ ತೆಗೆದು, 'ಆರಡಿ ನಾಲ್ಕಡಿ ಫ್ಲೆಕ್ಸ್ ಸರ್, ಸಂಜೆಗೆ ರೆಡಿ' ಅಂದ. ಐಡಿಯಾ ನನ್ನದೇ. ಹೋದ ವರ್ಷ ಊರಿನ ಮನೆ ಗೋಡೆಗೆ ಎಮಲ್ಷನ್ ಹೊಡೆಸಿದವನೂ ನಾನೇ. ಅದರ ಮೇಲೆ ಕೆಮ್ಮಣ್ಣು ಬಳಿಯೋಕೆ ಅವ್ವನಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದಳು. 'ಚೆಂದ ಐತೆ. ಆದ್ರೆ ಯಾರೂ ಕೂತು ಬರ್ದಂಗಿಲ್ಲ ತಮ್ಮಾ' ಅಂದಳು.

ನಾನು ಕಲಾ ವಿಮರ್ಶಕ ಅಲ್ಲ, ಓದಿದ್ದು ಬಿಇ. ಆದರೆ ಚಿತ್ರದ ಬಗ್ಗೆ ಇಷ್ಟು ನೇರವಾದ ವಿಮರ್ಶೆ ನಾನು ಬೇರೆಲ್ಲೂ ಕೇಳಿಲ್ಲ. ಆ ಮಾತನ್ನು ಬಿಡಿಸಿ ನೋಡೋಕೆ ಈ ಬರಹ.

ಗೊತ್ತಿಲ್ಲದವರಿಗೆ ಒಂದು ಮಾತು. ಹಸೆ ಚಿತ್ತಾರ ನಮ್ಮ ದೀವರ ಹೆಂಗಸರು ಬರೆಯುವ ಗೋಡೆ ಚಿತ್ರ. ಸಾಗರ, ಸೊರಬ, ಹೊಸನಗರದ ಕಡೆ, ಆಚೆ ಉತ್ತರ ಕನ್ನಡದ ಸಿದ್ದಾಪುರದ ಕಡೆ ಕಾಣಸಿಗುತ್ತೆ. ಮದುವೆ ಮನೆಯಲ್ಲಿ ಬರೆದರೆ ಅದು ಹಸೆಗೋಡೆ. ಭೂಮಿ ಹುಣ್ಣಿಮೆಗೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊತ್ತು ಗದ್ದೆಗೆ ಹೋಗ್ತೀವಲ್ಲ, ಆ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ.

ಬಣ್ಣ ನಾಲ್ಕೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಕರಿಯಾಗೋ ಹಾಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಅಂದರೆ ಜಜ್ಜಿದ ಪುಂಡಿ ನಾರು. ಊಟಕ್ಕೆ ಬರುವ ಅಕ್ಕಿಯೇ ಬಿಳಿಯೂ ಹೌದು, ಸುಟ್ಟರೆ ಕಪ್ಪೂ ಹೌದು. ಹಾಗಾಗಿ ಇದು ಪ್ರಕೃತಿಯನ್ನು ನೋಡಿ ಬರೆದ ಚಿತ್ರ ಅನ್ನೋದು ಅರ್ಧ ಸತ್ಯ. ಗದ್ದೆಯನ್ನೇ ತಂದು ಗೋಡೆಗೆ ಬಳಿದ ಚಿತ್ರ ಅನ್ನೋದು ಹೆಚ್ಚು ಸರಿ.

ಈಗ ಚಿತ್ರದೊಳಗೆ ಬನ್ನಿ. ಹಸೆಗೋಡೆಯ ನಡುವೆ ಗಂಡು ಹೆಣ್ಣಿನ ಪುಟ್ಟ ಆಕೃತಿಗಳು ಇರುತ್ತವೆ, ನಿಜ. ಆದರೆ ಗೋಡೆ ತುಂಬಿರುವುದು ಅವರಲ್ಲ. ಸುತ್ತ ಎಳೆ ಮೇಲೆ ಎಳೆ, ಚೌಕದೊಳಗೆ ಚೌಕ, ಓರೆಗೆರೆಗಳ ಬಲೆ. ಮರ ಮರದ ಹಾಗಿಲ್ಲ, ಭತ್ತ ಭತ್ತದ ಹಾಗಿಲ್ಲ. ಸಸಿ ನೆಟ್ಟ ಸಾಲು, ಬುಟ್ಟಿಯ ಹೆಣಿಗೆ, ಏಣಿಯ ಮೆಟ್ಟಿಲು ಇವುಗಳಿಂದ ವಸ್ತು ಕಳಚಿ ಹೋಗಿ ಲಯ ಮಾತ್ರ ಉಳಿದಿದೆ. ಅಮೂರ್ತ ಕಲೆ ಅಂತ ಪಟ್ಟಣದ ಗ್ಯಾಲರಿಗಳಲ್ಲಿ ಕರೆಯುವುದು ಇದನ್ನೇ ಅಲ್ವಾ?

ಇಲ್ಲಿ ಎಸ್.ಎಚ್. ರಜಾ ನೆನಪಾಗ್ತಾರೆ. 1922ರಲ್ಲಿ ಮಧ್ಯಪ್ರದೇಶದ ಕಾಡಂಚಿನ ಬಾಬರಿಯಾದಲ್ಲಿ ಹುಟ್ಟಿದವರು, ಅಪ್ಪ ಫಾರೆಸ್ಟ್ ರೇಂಜರ್. ಚಂಚಲ ಹುಡುಗನ ಮನಸ್ಸು ನಿಲ್ಲಿಸೋಕೆ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು ನೋಡು ಅಂದಿದ್ದರಂತೆ. 1950ರಲ್ಲಿ ಫ್ರಾನ್ಸಿಗೆ ಹೋದ ರಜಾ ಊರು, ಚರ್ಚು, ಬೆಟ್ಟ ಎಲ್ಲ ಬರೆದು, ದಶಕಗಳಾದ ಮೇಲೆ ಆ ಚುಕ್ಕೆಗೇ ವಾಪಸ್ ಬಂದರು. ಬಿಂದು, ತ್ರಿಕೋನ, ಚೌಕ, ಮಣ್ಣಿನ ಬಣ್ಣ.

ನಮ್ಮಜ್ಜಿ ರಜಾಗಿಂತ ಮೊದಲೇ ಇದನ್ನ ಮಾಡಿದ್ಲು ಅಂತ ಎದೆ ತಟ್ಟಿಕೊಳ್ಳುವುದು ಸುಲಭ. ಅದು ವಾದ ಅಲ್ಲ, ಜಂಬ. ರಜಾ ಬೇರೆ ಬೇರೆ ದಾರಿ ತುಳಿದು, ಬೇಡದ್ದನ್ನು ಬಿಟ್ಟು ಅಲ್ಲಿಗೆ ಮುಟ್ಟಿದವರು. ಅಜ್ಜಿಗೆ ಹಾಗೆ ಬಿಡೋ ಸ್ವಾತಂತ್ರ್ಯ ಇರಲಿಲ್ಲ, ಚಿತ್ತಾರದ ಕಟ್ಟು ಅವಳ ಅಜ್ಜಿಯಿಂದ ಬಂದದ್ದು. ಅವಳು ಸಹಿ ಹಾಕಲಿಲ್ಲ. ಗೋಡೆ ಸಾರಿಸಿದರೆ ಚಿತ್ರ ಹೋಯ್ತು, ಮುಂದಿನ ಮದುವೆಗೆ ಮತ್ತೆ ಬರೆಯಬೇಕು. ಹಾಗಾದರೆ ಅವಳದು ಅಂತ ಇದ್ದದ್ದು ಏನು? ಎಳೆ. ಅದು ಮಾತ್ರ ಅವಳ ಕೈಯದ್ದು.

ಅಂಗಡಿಯ ಫ್ಲೆಕ್ಸ್ ಸೋತದ್ದು ಇಲ್ಲೇ. ನಾನು ಝೂಮ್ ಮಾಡಿ ನೋಡಿದೆ. ಯಾರೋ ಒಂದು ಚೌಕ ಬರೆದು ಕಾಪಿ-ಪೇಸ್ಟ್ ಮಾಡಿದ್ದರು. ಎಲ್ಲ ಎಳೆಯೂ ಒಂದೇ ದಪ್ಪ. ನಾರಿನ ಎಳೆ ಹಾಗಿರಲ್ಲ. ಅದ್ದಿದಾಗ ದಪ್ಪ, ಎಳೆದಂತೆ ತೆಳು, ಮತ್ತೆ ಅದ್ದಿದ ಕಡೆ ಮತ್ತೆ ದಪ್ಪ. ಮೂಲೆ ನೋಡಿದರಂತೂ ಪೂರ್ತಿ ಬಯಲು. ಎರಡು ಅಂಚು ಸೇರುವ ಕಡೆ ಲೆಕ್ಕ ಪೂರಾ ಕೂಡಲ್ಲ. ಬರೆಯುವವಳು ಒಂದು ಚೌಕ ಕಿರಿದು ಮಾಡಿ, ಇನ್ನೊಂದನ್ನ ಎಳೆದು ಹೊಂದಿಸ್ತಾಳೆ. ಫ್ಲೆಕ್ಸಿನಲ್ಲಿ ಮೂಲೆ ಕಚಕ್ ಅಂತ ಕತ್ತರಿಸಿತ್ತು. ಜೊತೆಗೆ ಆಚೀಚೆ ಕುಣಿಯುವ ಮನುಷ್ಯರು, ಅದು ಮಹಾರಾಷ್ಟ್ರದ ವರ್ಲಿಯಿಂದ ಎತ್ತಿದ್ದು. ಕೆಂಪು ಹಿನ್ನೆಲೆ, ಬಿಳಿ ಗೆರೆ ಕಂಡರೆ ಎಲ್ಲ ಒಂದೇ ಅಂದುಕೊಂಡಿದ್ದಾರೆ ಪಾಪ.

ಹಾಗಂತ ಗೋಡೆ ಮೇಲಿದ್ದರೆ ಮಾತ್ರ ಚಿತ್ತಾರ ಅಂತ ನಾನು ಹೇಳಲ್ಲ. ಸಾಗರ ಹತ್ತಿರದ ಸಿರಿವಂತೆಯ ಚಂದ್ರಶೇಖರ್, ಸಿದ್ದಾಪುರ ಕಡೆಯ ಈಶ್ವರ ನಾಯ್ಕ ಹಸುವಂತೆ ಅವರಂಥವರು ಇದನ್ನು ಊರಾಚೆಗೂ ಮುಟ್ಟಿಸಿದ್ದಾರೆ. ಕಾಗದ, ಬಟ್ಟೆಗೆ ಬಂದರೆ ಹೆಂಗಸರ ಕೈಗೆ ನಾಲ್ಕು ಕಾಸೂ ಸಿಗುತ್ತೆ. ಮಣ್ಣಿನ ಗೋಡೆ ಬಿಟ್ಟು ನಾನು ಬೆಂಗಳೂರಿನ ಫ್ಲಾಟಿನಲ್ಲಿದ್ದುಕೊಂಡು, ಅವರು ಮಾತ್ರ ಕೆಮ್ಮಣ್ಣಲ್ಲೇ ಬರೀಬೇಕು ಅನ್ನೋಕೆ ನಾನ್ಯಾರು? ಬಣ್ಣ ಬದಲಾಗಲಿ, ಗೋಡೆಯೂ ಬದಲಾಗಲಿ. ಯಾರೋ ಕೂತು ಬರೆದಿರಬೇಕು, ಅಷ್ಟೆ.

ಫ್ಲೆಕ್ಸ್ ಬೇಡ ಅಂದೆ. ಮದುವೆಗೆ ನಾಲ್ಕು ದಿನ ಮುಂಚೆ ಒಂದು ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಒಣಗಿಸಿದೆವು. ಅವ್ವನ ಕೈ ಈಗ ನಡುಗುತ್ತೆ. ಉದ್ದ ಎಳೆಗಳನ್ನು ಅವಳೇ ಎಳೆದಳು, ಒಳಗಿನ ಬಲೆಯನ್ನು ಚಿಕ್ಕಮ್ಮ ತುಂಬಿದಳು. ನನ್ನ ಕೈಗೂ ನಾರು ಕೊಟ್ಟರು. ನಾನು ಎಳೆದ ಎಳೆ ಅರ್ಧಕ್ಕೇ ಹಾವಿನಂತೆ ಹೊರಳಿತು. ಚಿಕ್ಕಮ್ಮ ನಕ್ಕು ಅದರ ಪಕ್ಕಕ್ಕೇ ಇನ್ನೊಂದು ಎಳೆದು ಸರಿಮಾಡಿದಳು.

ನೀವು ಯಾವತ್ತಾದರೂ ಹಸೆ ಚಿತ್ತಾರದ ಮುಂದೆ ನಿಂತರೆ ನಡುವಿನ ಮದುಮಕ್ಕಳನ್ನ ಆಮೇಲೆ ನೋಡಿ. ಮೊದಲು ಮೂಲೆ ನೋಡಿ.